ಮುಂದಿನ ಟೈರ್ ಒಳ ಅಂಚು ಮಾತ್ರ ಸವೆಯುತ್ತಿದ್ದರೆ

ನಿಮ್ಮ 14 ವರ್ಷದ ಆಲ್ಟೊದಲ್ಲಿ ಎಡಗಡೆ ಮುಂದಿನ ಟೈರಿನ ಒಳ ಅಂಚು ಮಾತ್ರ ಸವೆದಿದೆ, ಎರಡು ಸಲ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸಿದರೂ ಸರಿಹೋಗಿಲ್ಲ ಅಂದಿದ್ದೀರಿ. ದಯವಿಟ್ಟು ಮೂರನೇ ಸಲ ಸುಮ್ನೆ ದುಡ್ಡು ಕೊಡಬೇಡಿ. ಮೊದಲು ಲೋವರ್ ಆರ್ಮ್ ಬುಷ್ ನೋಡಿಸಿ, ಅಂದರೆ ಚಕ್ರವನ್ನು ಗಾಡಿಯ ಚೌಕಟ್ಟಿಗೆ ಹಿಡಿದಿಡುವ ಕೆಳಗಿನ ತೋಳಿನ (ಆರ್ಮ್) ರಬ್ಬರ್ ಕೀಲು.

ಹಳೇ ಗಾಡಿಯಲ್ಲಿ ಆ ಬುಷ್‌ನ ರಬ್ಬರ್ ಹರಿದಿರಬಹುದು. ಅಲೈನ್‌ಮೆಂಟ್ ಮಷಿನ್ ಮೇಲೆ ನಿಂತಾಗ ಎಲ್ಲಾ ಸರಿಯಾಗೇ ಕಾಣುತ್ತದೆ, ರಸ್ತೆಯಲ್ಲಿ ಬ್ರೇಕ್ ಒತ್ತಿದ ಕೂಡಲೇ ಚಕ್ರ ಜರುಗುತ್ತದೆ. ನಮ್ಮ ಗಾಡಿಗೂ ಹೀಗೇ ಆಗಿತ್ತು. ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿದು ಹತ್ತುವ ಓಡಾಟ ಜಾಸ್ತಿ ಇತ್ತು. ಮೆಕ್ಯಾನಿಕ್ ಕಬ್ಬಿಣದ ರಾಡ್ ಕೊಟ್ಟು ಮೀಟಿದರೆ ಆರ್ಮ್ ಸಡಿಲ ಹಲ್ಲಿನ ಹಾಗೆ ಅಲ್ಲಾಡಿತು. ಬುಷ್ ಬದಲಿಸಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿದೆವು. ಸವೆತ ನಿಂತಿತು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು, ಚಕ್ರದ ಎರಡೂ ಪಕ್ಕ ಹಿಡಿದು ಅಲುಗಿಸಿ. ಲೊಟಲೊಟ ಅಂದರೆ ಟೈ ರಾಡ್ ಎಂಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಕೀಲು) ಮೇಲೆ ಅನುಮಾನ. ಮೇಲೆ ಕೆಳಗೆ ಹಿಡಿದಾಗ ಆಡಿದರೆ ಚಕ್ರದ ಬೇರಿಂಗ್ ಅಥವಾ ಬಾಲ್ ಜಾಯಿಂಟ್ (ಆರ್ಮ್ ಚಕ್ರದ ಕಡೆ ಸೇರುವ ಕೀಲು) ಮೇಲೆ. ಟೈರ್ ಮೇಲೆ ಅಂಗೈ ಸವರಿ: ಒಂದು ಕಡೆಗೆ ನುಣುಪು, ವಾಪಸ್ ಬರುವಾಗ ಗರಗಸದ ಹಾಗೆ ತರಚಿದರೆ ಟೋ ತಪ್ಪಿದೆ, ಅಂದರೆ ಚಕ್ರಗಳು ನೇರ ನಿಲ್ಲದೆ ಒಳಗೆ ಅಥವಾ ಹೊರಗೆ ತಿರುಗಿವೆ. ಅಲ್ಲಲ್ಲಿ ಗುಂಡಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ.

ಗಾಳಿ ಕಡಿಮೆಯಾದರೆ ಎರಡೂ ಅಂಚು ಸವೆಯುತ್ತದೆ, ಜಾಸ್ತಿಯಾದರೆ ನಡುಭಾಗ. ನಿಮ್ಮದು ಎರಡೂ ಅಲ್ಲ.

ಒಳ ಅಂಚಿನಲ್ಲಿ ಗೆರೆಯ ಆಳ 1.6 ಮಿ.ಮೀ.ಗೆ ಇಳಿದಿದ್ದರೆ ಮಳೆಗಾಲದಲ್ಲಿ ಆ ಟೈರ್ ಹಾಕಿಕೊಂಡು ಘಾಟಿಗೆ ಹೋಗಬೇಡಿ. ಹೊಸದು ಹಾಕಿಸುವುದಾದರೆ ಮುಂದಿನ ಎರಡನ್ನೂ ಒಟ್ಟಿಗೆ ಹಾಕಿಸಿ, ಆದರೆ ಬುಷ್ ರಿಪೇರಿ ಆದಮೇಲೆ.