ಕುಸ್ತಿಪಟುಗಳು ಕೈತಪ್ಪುತ್ತಿರುವುದು ಶುಲ್ಕದ ಲೆಕ್ಕದಲ್ಲಿ

ಕುಸ್ತಿ ತರಬೇತುದಾರರಾದ ನೀವು, ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ಮೂರನೇ ಡಿವಿಷನ್‌ನಲ್ಲಿರುವ (ಶ್ರೇಣಿ) ನಿಮ್ಮ ಪುಟ್ಟ ಕಾಲೇಜನ್ನು ನೋಡಿ ಮೆಚ್ಚಿದ ಕುಸ್ತಿಪಟುಗಳು ಕೊನೆಗೆ ಬೇರೆಡೆ ಸೇರುತ್ತಿದ್ದಾರೆಂದು ಬರೆದಿದ್ದೀರಿ. ಇದಕ್ಕೆ ಕಾರಣ ಬಹುಶಃ ತರಬೇತಿಯಲ್ಲ, ಶುಲ್ಕ. ಈ ಡಿವಿಷನ್‌ನಲ್ಲಿ ಕ್ರೀಡಾ ವಿದ್ಯಾರ್ಥಿವೇತನಕ್ಕೆ ಅವಕಾಶವಿಲ್ಲ, ಎನ್‌ಎಐಎ ಎಂಬ ಇನ್ನೊಂದು ಕ್ರೀಡಾ ಸಂಸ್ಥೆಯ ಕಾಲೇಜುಗಳಿಗೆ ಇದೆ. ನಿಮ್ಮಲ್ಲಿ ನೆರವು ಸಿಗುವುದು ಓದಿನ ಅಂಕ ಮತ್ತು ಕುಟುಂಬದ ಆರ್ಥಿಕ ಸ್ಥಿತಿಯ ಮೇಲೆ. ಆದ್ದರಿಂದ ಮೊದಲ ಭೇಟಿಯಲ್ಲೇ ಅಂಕಪಟ್ಟಿ ಕೇಳಿ, ಕಾಲೇಜಿನ ಜಾಲತಾಣದಲ್ಲಿರುವ ನಿವ್ವಳ ವೆಚ್ಚದ (ನೆರವು ಕಳೆದು ಉಳಿಯುವ ವೆಚ್ಚ) ಕ್ಯಾಲ್ಕುಲೇಟರನ್ನು ಪೋಷಕರಿಂದಲೇ ತುಂಬಿಸಿ, ಸರ್ಕಾರಿ ವಿದ್ಯಾರ್ಥಿ ನೆರವಿನ ಫಾಫ್ಸಾ ಅರ್ಜಿಯನ್ನು ಬೇಗ ಸಲ್ಲಿಸುವಂತೆ ನೆನಪಿಸಿ. ಆದರೆ ನೆರವಿನ ಮೊತ್ತದ ಬಗ್ಗೆ ನೀವು ಮಾತು ಕೊಡಬೇಡಿ; ಅದನ್ನು ಹೇಳಬೇಕಾದುದು ಆರ್ಥಿಕ ನೆರವಿನ ಕಚೇರಿ.

ಬಳಿಕ ಹತ್ತು ತೂಕ ವರ್ಗಗಳನ್ನು ಒಂದು ಹಾಳೆಯಲ್ಲಿ ಬರೆದು, ಯಾರು ಯಾವ ವರ್ಷ ಪದವಿ ಮುಗಿಸುತ್ತಾರೆಂದು ಎದುರಿಗೆ ಗುರುತಿಸಿ. 125 ಮತ್ತು 285 ಪೌಂಡಿನ ಎರಡು ತುದಿಗಳನ್ನು ಮೊದಲು ನೋಡಿ, ಏಕೆಂದರೆ ಎರಡು ತಂಡಗಳ ಡ್ಯುಯಲ್ ಪಂದ್ಯದಲ್ಲಿ ಖಾಲಿ ಬಿಟ್ಟ ಪ್ರತಿ ವರ್ಗಕ್ಕೂ ಎದುರಾಳಿಗೆ ಆರು ಅಂಕ ಪುಕ್ಕಟೆಯಾಗಿ ಹೋಗುತ್ತದೆ. ರಾಜ್ಯ ಚಾಂಪಿಯನ್ನರ ಹಿಂದೆ ಅಲೆಯುವುದಕ್ಕಿಂತ, ರಾಜ್ಯ ಪಂದ್ಯಾವಳಿಯ ಅರ್ಹತೆ ಸ್ವಲ್ಪದರಲ್ಲಿ ತಪ್ಪಿದ, ಓದಿನಲ್ಲಿ ಗಟ್ಟಿಯಾದ ಹುಡುಗನಿಗೆ ಫೋನ್ ಮಾಡುವುದು ಲಾಭದಾಯಕವೆಂಬುದು ನನ್ನ ಅಭಿಪ್ರಾಯ.

ನೀವು ಕೊಟ್ಟ ವಿವರದಿಂದ ಶುಲ್ಕವೇ ಕಾರಣವೆಂದು ಖಚಿತವಾಗಿ ಹೇಳಲಾಗದು. ಅವರಿಗೆ ಬೇಕಾದ ವ್ಯಾಸಂಗ ವಿಷಯ ನಿಮ್ಮಲ್ಲಿಲ್ಲದಿರುವುದೂ ಕಾರಣವಾಗಿರಬಹುದು. ಹೊಸಬರನ್ನು ಹುಡುಕುವ ಮುನ್ನ, ಕಳೆದ ಸಾಲಿನಲ್ಲಿ ಕೈತಪ್ಪಿ ಬೇರೆಡೆ ಸೇರಿದವರಿಗೆ ಒಂದೊಂದು ಕರೆ ಮಾಡಿ ವಿಚಾರಿಸಿ.