ಅಜ್ಜನ ಫಿಯೆಟ್‌ಗೆ ಮಾರುತಿ ಇಂಜಿನ್ ಕೂರಿಸಬಹುದೇ?

ಪ್ರಶ್ನೆ: ಅಜ್ಜ ಕೊಂಡಿದ್ದ 1966ರ ಫಿಯೆಟ್ 1100 ಡಿಲೈಟ್ ಕಾರು ನಮ್ಮ ಅಡಿಕೆ ಕೊಟ್ಟಿಗೆಯಲ್ಲಿ ವರ್ಷಗಳಿಂದ ನಿಂತಿದೆ. ಓಡಿಸುವ ಆಸೆ. ಮಾರುತಿ ಇಂಜಿನ್ ಕೂರಿಸಿ, ಸ್ಟಿಯರಿಂಗ್ ಪಕ್ಕದ ಗೇರನ್ನು ಕೆಳಕ್ಕೆ ತರೋಣ ಎನ್ನುತ್ತಾರೆ ಮೆಕ್ಯಾನಿಕ್. ಗ್ರಿಲ್, ಬಂಪರ್, ಹಿಂದಿನ ಲೈಟಿನ ಗಾಜು ಎಲ್ಲಿ ಸಿಗುತ್ತವೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಇಂಜಿನ್ ಬದಲಿಸುವ ಮಾತು ಬಿಡಿ. ಮುಂಬೈ ಕುರ್ಲಾದ ಪ್ರೀಮಿಯರ್ ಕಂಪನಿ ಇದೇ ಕಾರಿಗೆ 1970ರ ದಶಕದಲ್ಲಿ ಪದ್ಮಿನಿ ಎಂದು ಹೆಸರಿಟ್ಟು 2000ದ ಹೊತ್ತಿನವರೆಗೂ ತಯಾರಿಸಿತು. ಹಾಗಾಗಿ ಆ 1089 ಸಿಸಿ ಇಂಜಿನ್ನಿನ ಸಾಮಾನು, ಬ್ರೇಕಿನ ರಬ್ಬರ್ ಕಿಟ್ ಮುಂತಾದವು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಇವತ್ತಿಗೂ ಸಿಗುತ್ತವೆ. ಸ್ಟಿಯರಿಂಗ್ ಪಕ್ಕದ ಗೇರಂತೂ ಆ ಕಾರಿನ ಗತ್ತು. ಅದನ್ನು ಕಿತ್ತ ಮೇಲೆ ಉಳಿಯುವುದೇನು?

ಕಾನೂನೂ ಇದೆ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಚಾಸಿ (ತಳದ ಚೌಕಟ್ಟು), ಬಾಡಿ, ಇಂಜಿನ್ ಬದಲಾಗದ ಗಾಡಿ ಮಾತ್ರ ವಿಂಟೇಜ್. ಈಗಾಗಲೇ ನೋಂದಣಿಯಾಗಿದ್ದರೆ ಅಜ್ಜನ ಹಳೇ ನಂಬರೇ ಉಳಿಯುತ್ತದೆ. ಆದರೆ ವಿಂಟೇಜ್ ಮಾಡಿಸಿದರೆ ರ‍್ಯಾಲಿ, ಪ್ರದರ್ಶನ, ಪೆಟ್ರೋಲು, ರಿಪೇರಿ ಇಂಥವಕ್ಕಷ್ಟೇ ರಸ್ತೆಗಿಳಿಸಬಹುದು. ಶಿವಮೊಗ್ಗಕ್ಕೆ ಆಗಾಗ ಹೋಗಿಬರುವ ಆಸೆಯಿದ್ದರೆ ಸಾಮಾನ್ಯ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಿ.

ಈಗ ಕೀಲಿ ತಿರುಗಿಸಲು ಹೋಗಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ಇಂಜಿನ್ ಆಯಿಲ್ ಬಿಟ್ಟು ಒಂದೆರಡು ದಿನ ನೆನೆಯಲು ಬಿಡಿ. ಆಮೇಲೆ ಕೈಯಲ್ಲಿ ತಿರುಗಿಸಿ ನೋಡಿ. ಟ್ಯಾಂಕಿನ ಹಳೇ ಪೆಟ್ರೋಲು ಚೆಲ್ಲಿ, ಬ್ರೇಕ್ ಹೋಸುಗಳನ್ನು ಕಣ್ಣುಮುಚ್ಚಿ ಬದಲಿಸಿ. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು, ಎಲ್ಲಕ್ಕೂ ಒಂದೇ ಬ್ರೇಕ್ ಆಯಿಲ್ ಲೈನು. ಒಂದು ಕಡೆ ಸೋರಿದರೆ ಪೆಡಲು ಪೂರ್ತಿ ಕೆಳಗಿಳಿಯುತ್ತದೆ.

ದುಡ್ಡು ನಿಜವಾಗಿ ಸುರಿಯಬೇಕಾದ್ದು ತಳಕ್ಕೆ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಮಲೆನಾಡಿನ ತೇವದಲ್ಲಿ ನಿಂತ ಗಾಡಿಯ ಮ್ಯಾಟಿನಡಿ ತಗಡು ಹಪ್ಪಳವಾಗಿರುತ್ತದೆ. ಬಾಗಿಲ ಕೆಳಗಿನ ಪಟ್ಟಿಯುದ್ದಕ್ಕೂ ಆಯಸ್ಕಾಂತ ಆಡಿಸಿ; ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿರುವುದು ತಗಡಲ್ಲ, ತೂತು ಮುಚ್ಚಲು ಮೆತ್ತಿದ ಪುಟ್ಟಿ. ತುಕ್ಕು ಕತ್ತರಿಸಿ ಹೊಸ ತಗಡು ಬೆಸೆಯಲಿ. ಬಾಗಿಲು ಕಳಚುವ ಮುನ್ನ ಒಳಗೆ ಆಧಾರದ ಪೈಪು ಕೊಡಿಸಿ, ಇಲ್ಲವಾದರೆ ಬಾಡಿ ಜಗ್ಗಿ ಬಾಗಿಲು ಮತ್ತೆ ಕೂರುವುದೇ ಇಲ್ಲ. ಬಣ್ಣದ ಮಾತು ಇದೆಲ್ಲ ಆದ ಮೇಲೆ.

ನೀವು ಕೇಳಿದ ಮೂರು ಸಾಮಾನೇ ಕಷ್ಟದವು. ಪದ್ಮಿನಿಯ ಗ್ರಿಲ್ಲು, ದೀಪ ನೋಡಲು ಬೇರೆ. ಕುರ್ಲಾ ಗುಜರಿಯಲ್ಲೂ ಹೆಚ್ಚಾಗಿ ಪದ್ಮಿನಿ ಟ್ಯಾಕ್ಸಿಗಳ ಸಾಮಾನೇ ಸಿಗುವುದರಿಂದ ಫೋಟೊ ನೋಡಿ ದುಡ್ಡು ಕಳಿಸಬೇಡಿ. ಬೋಲ್ಟ್ ತೂತುಗಳ ಅಂತರ ಅಳೆದು ಕಳಿಸಲು ಹೇಳಿ. ನಿಮ್ಮ ಬಂಪರ್ ಎಷ್ಟೇ ಸೊಟ್ಟಗಿದ್ದರೂ ಎಸೆಯಬೇಡಿ, ತಟ್ಟಿ ನೇರ ಮಾಡಿ ಕ್ರೋಮ್ ಹಾಕಿಸಬಹುದು. ಅಕ್ಷರದ ಬ್ಯಾಡ್ಜಿನಲ್ಲಿ ಮಾತ್ರ ಹುಷಾರು: ಹೊಳಪು ಕೊಡುವ ಬಫಿಂಗ್ ಚಕ್ರಕ್ಕೆ ಹೆಚ್ಚು ಹೊತ್ತು ಹಿಡಿದರೆ ಅಂಚು ಸವೆದು ಅಕ್ಷರಗಳು ಸಾಬೂನಿನ ಚೂರಿನಂತೆ ದುಂಡಗಾಗುತ್ತವೆ. ಮೊದಲು ಒಂದೇ ಸಣ್ಣ ಪೀಸು ಕೊಟ್ಟು ಕ್ರೋಮ್ ಹಾಕುವವರ ಕೈ ನೋಡಿ.

ಏನಾದರೂ ಸೇರಿಸಲೇಬೇಕೆಂದರೆ ಆ ಕಾಲದವರೇ ಹಾಕಿಸುತ್ತಿದ್ದ ಮೇಲಿನ ಕ್ಯಾರಿಯರ್, ಫಾಗ್ ಲ್ಯಾಂಪ್, ಡ್ಯಾಶ್‌ಬೋರ್ಡಿನ ಪುಟ್ಟ ಫ್ಯಾನು ಇವೆಯಲ್ಲ. ರಾತ್ರಿ ಓಡಿಸುವುದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಹಳೇ ಡೈನಮೊ ಬದಲು ಆಲ್ಟರ್ನೇಟರ್ ಹಾಕಿಸಲೂ ನನ್ನ ತಕರಾರಿಲ್ಲ. ಬಿಚ್ಚಿದ ಡೈನಮೊ, ಅದರ ಚಾರ್ಜ್ ನಿಯಂತ್ರಿಸುವ ಕಟೌಟ್ ಡಬ್ಬಿ ಎತ್ತಿಡಿ. ಹೊಸದಾಗಿ ತೂತು ಕೊರೆಯದೆ ಕೂರುವುದನ್ನಷ್ಟೇ ಹಾಕಿಸಿ.

ಅಂದಹಾಗೆ, ಆರ್‌ಸಿ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದು ಅವರು ತೀರಿಕೊಂಡಿದ್ದರೆ ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಬೇಕು. ಉಳಿದ ವಾರಸುದಾರರ ಒಪ್ಪಿಗೆ ಪತ್ರ ತಗೊಂಡು ಟಿಂಕರಿಂಗ್‌ಗೆ (ತಗಡಿನ ಕೆಲಸಕ್ಕೆ) ಗಾಡಿ ಬಿಡಿ.