ಪಾರ್ಕಿನಿಂದ ಯಾರನ್ನು ಓಡಿಸಬೇಕು?

ಪ್ರಶ್ನೆ: ಅಕ್ಕಾ, ನಮ್ಮ ಪೇಟೆಯಲ್ಲಿ ಪಾರ್ಕ್ ಆಗಿ ಒಂದು ವರ್ಷ ಆಯಿತು. ನಾನು ಹೋದದ್ದು ಎರಡೇ ಸಲ. ಸಂಜೆ ಬೆಂಚೆಲ್ಲ ಹುಡುಗರದ್ದು, ಭಾನುವಾರವಾದರೆ ಬಂಗಾಳ, ಬಿಹಾರದ ಕೆಲಸಗಾರರು. ಗೇಟಿನ ಹತ್ತಿರ ಚರುಮುರಿ ಗಾಡಿಗಳು. ನಮ್ಮ ಅತ್ತೆ ಗಾಲಿಕುರ್ಚಿಯಲ್ಲಿದ್ದಾರೆ, ಅವರಿಗೆ ಗೇಟು ದಾಟಲೂ ಆಗುವುದಿಲ್ಲ. ಒಬ್ಬ ಕಾವಲುಗಾರನನ್ನು ಇಟ್ಟು ಇವರನ್ನೆಲ್ಲ ಕಳಿಸಿದರೆ ನಮ್ಮಂಥವರು ಬರಬಹುದು ಅಲ್ವಾ?
– ಓದುಗಿ, ಕಾಸರಗೋಡು

ಉತ್ತರ: ಮೊದಲು ಅತ್ತೆಯ ವಿಷಯ. ಅವರನ್ನು ತಡೆದದ್ದು ಹುಡುಗರೂ ಅಲ್ಲ, ಬಂಗಾಳದವರೂ ಅಲ್ಲ, ಗೇಟು. ಬೈಕ್ ನುಗ್ಗಬಾರದು ಅಂತ ಕಂಬಿ ನೆಡುತ್ತಾರೆ, ಅದರಲ್ಲಿ ಗಾಲಿಕುರ್ಚಿಯೂ ನಿಲ್ಲುತ್ತದೆ. ರ‍್ಯಾಂಪ್ ಇದ್ದರೂ ಎಷ್ಟೋ ಕಡೆ ಅದು ಜಾರುಬಂಡಿ. ಲೆಕ್ಕ ಸುಲಭ: ಒಂದಡಿ ಎತ್ತರಕ್ಕೆ ಕಡಿಮೆಯೆಂದರೂ 12 ಅಡಿ ಉದ್ದ ಬೇಕು. ಟೇಪು ಹಿಡಿದು ನೀವೇ ಅಳೆಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇರುವಾಗ ಇದು ಯಾರೋ ದಯೆಯಿಂದ ಮಾಡಿಕೊಡುವ ಕೆಲಸ ಅಲ್ಲ. ಅದರಲ್ಲೂ ನಮ್ಮದು ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ, ಅದರಿಂದ ಎಷ್ಟೋ ಮಕ್ಕಳು ನಡೆಯಲಾರದೆ ಉಳಿದ ಜಿಲ್ಲೆ. ಮಗುವನ್ನು ಸೊಂಟದಲ್ಲಿ ಎತ್ತಿಕೊಂಡೇ ಸಾಕಿದ ತಾಯಂದಿರು ಇಲ್ಲಿ ಎಷ್ಟಿಲ್ಲ? ಆ ಮಕ್ಕಳೀಗ ಬೆಳೆದಿದ್ದಾರೆ, ತಾಯಿಗೆ ವಯಸ್ಸಾಗಿದೆ, ಎತ್ತಲು ಆಗುವುದಿಲ್ಲ. ಅವರೂ ಒಂದು ಸಂಜೆ ಹೊರಗೆ ಬರಬೇಡವೇ?

ಇನ್ನು 'ಕಳಿಸಿದರೆ' ಎಂದಿರಲ್ಲ, ಅಲ್ಲೇ ನನ್ನ ತಕರಾರು. ಆ ಕೆಲಸಗಾರರು ವಾರವಿಡೀ ನಮ್ಮ ಮನೆ, ರಸ್ತೆ ಕಟ್ಟುವವರು. ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಮಲಗುವವರಿಗೆ ಊರಿನ ಹೆಂಡತಿ ಮಕ್ಕಳ ಹತ್ತಿರ ಮಾತಾಡಲು ಪಾರ್ಕಲ್ಲದೆ ಎಲ್ಲಿ ಜಾಗ ಇದೆ? ದುಬೈ, ಶಾರ್ಜಾದಲ್ಲಿ ನಮ್ಮ ಅಣ್ಣತಮ್ಮಂದಿರು ರಜೆಯ ದಿನ ಹೀಗೆಯೇ ಕೂತವರು, ಮರೆಯಬೇಡಿ. ಅವರು ನಿಮಗೆ ತೊಂದರೆ ಕೊಟ್ಟರು ಅಂತ ನೀವು ಬರೆದೂ ಇಲ್ಲ. ಸುಮ್ನೆ ಕೂತಿದ್ದಾರೆ, ಅಷ್ಟೇ. ಯಾರಾದರೂ ನಿಜವಾಗಿ ಕಾಟ ಕೊಟ್ಟರೆ ಆ ಒಬ್ಬನ ಮೇಲೆ ದೂರು ಕೊಡಿ.

ಚರುಮುರಿಯವರ ಗಾಡಿ ಇದ್ದರೆ ಬೆಳಕು ಇರುತ್ತದೆ, ನಾಲ್ಕು ಕಣ್ಣು ಇರುತ್ತವೆ. ಗಾಡಿ ಎತ್ತಿಸಿದ ದಿನ ಏಳು ಗಂಟೆಗೆ ಆ ಗೇಟಿನ ಹತ್ತಿರ ನಿಂತು ನೋಡಿ, ಧೈರ್ಯ ಜಾಸ್ತಿಯಾಗುತ್ತದಾ ಕಡಿಮೆಯಾಗುತ್ತದಾ ಅಂತ. ದಾರಿಗೆ ಅಡ್ಡವಾಗಿದ್ದರೆ ಸ್ವಲ್ಪ ಪಕ್ಕಕ್ಕೆ ಜಾಗ ಗುರುತು ಮಾಡಿಕೊಟ್ಟರೆ ಸಾಕು. ಬೀದಿ ವ್ಯಾಪಾರಿಗಳಿಗೆ 2014ರಿಂದ ಕಾಯ್ದೆಯ ರಕ್ಷಣೆಯೂ ಇದೆ.

ಹುಡುಗರ ವಿಷಯ ಬೇರೆ, ಅದಕ್ಕೆ ಪಾರ್ಕನ್ನೇ ಸ್ವಲ್ಪ ಬದಲಿಸಬೇಕು. ಆಸ್ಟ್ರಿಯಾದ ವಿಯೆನ್ನಾದಲ್ಲಿ 1990ರ ದಶಕದಲ್ಲಿ ಗಮನಿಸಿದಾಗ, ಹತ್ತು ವರ್ಷದ ಆಸುಪಾಸಿನಲ್ಲಿ ಹುಡುಗಿಯರು ಪಾರ್ಕಿಗೆ ಬರುವುದೇ ಕಡಿಮೆಯಾಗುತ್ತಿತ್ತು. ಜಾಗವೆಲ್ಲ ಹುಡುಗರ ಚೆಂಡಾಟದ್ದು. ಜಗಳ ಮಾಡಿ ಜಾಗ ಹಿಡಿಯಲು ಹುಡುಗಿಯರು ಹೋಗಲಿಲ್ಲ, ಮನೆಯಲ್ಲೇ ಉಳಿದರು. 1999ರಲ್ಲಿ ಎರಡು ಪಾರ್ಕುಗಳಲ್ಲಿ ದೊಡ್ಡ ಬಯಲನ್ನು ಸಣ್ಣ ಸಣ್ಣ ಭಾಗ ಮಾಡಿದರು, ವಾಲಿಬಾಲ್, ಬ್ಯಾಡ್ಮಿಂಟನ್‌ಗೆ ಜಾಗ ಕೊಟ್ಟರು. ಹುಡುಗಿಯರು ವಾಪಸ್ ಬಂದರು, ಹುಡುಗರನ್ನು ಯಾರೂ ಓಡಿಸಬೇಕಾಗಲಿಲ್ಲ.

ನೀವೂ ಅದನ್ನೇ ಕೇಳಿ. ಸಾಲು ಬೆಂಚು ಬೇಡ, ನಾಲ್ಕು ಜನ ಎದುರುಬದುರು ಕೂರುವ ಕಟ್ಟೆ ಬೇಕು, ಹೊರಗಿನ ರಸ್ತೆಗೆ ಕಾಣುವ ಹಾಗೆ. ಇನ್ನೊಂದು ಗೇಟು ಬೇಕು, ಒಂದೇ ದಾರಿ ಇದ್ದರೆ ಅಲ್ಲಿ ನಾಲ್ಕು ಜನ ನಿಂತರೂ ಹೆಂಗಸರು ತಿರುಗಿ ಹೋಗುತ್ತಾರೆ. ಮತ್ತೆ ಬೀಗ ಹಾಕದ ಶೌಚಾಲಯ. ಇದನ್ನು ಹೇಳಲು ಎಲ್ಲರಿಗೂ ನಾಚಿಕೆ, ಆದರೆ ಗಂಡಸರು ಮೂರು ಗಂಟೆ ಕೂರುವಲ್ಲಿ ನಾವು ಮುಕ್ಕಾಲು ಗಂಟೆಗೆ ಎದ್ದು ಬರುವುದು ಅದಕ್ಕೇ ಅಲ್ವಾ? ಇದನ್ನೆಲ್ಲ ವಾರ್ಡ್ ಸಭೆಯಲ್ಲಿ ಎತ್ತಿ. ಒಬ್ಬರೇ ಹೋಗಬೇಡಿ, ಕುಡುಂಬಶ್ರೀ ಮಹಿಳಾ ಸ್ವಸಹಾಯ ಗುಂಪಿನವರನ್ನು ಕರೆದುಕೊಂಡು ಹೋಗಿ. 2019ರ ಡಿಸೆಂಬರ್ 29ರಂದು ರಾತ್ರಿ, ಈ ಜಾಗ ನಮ್ಮದೂ ಹೌದು ಅಂತ, ಸರಕಾರದ ಕರೆಗೆ ಕೇರಳದ ಪೇಟೆಗಳಲ್ಲಿ ಹೆಂಗಸರು ನಡೆದದ್ದು ನೆನಪಿದೆಯಲ್ಲ? ಅಂಥದ್ದಕ್ಕೆ ಸರಕಾರವೇ ಕರೆಯಬೇಕು ಅಂತ ಇಲ್ಲ. ಮಂಗಳವಾರ ಸಂಜೆ ಐದಾರು ಜನ ಹೋಗಿ ಕೂತುಕೊಳ್ಳಿ, ಮರುವಾರವೂ ಹೋಗಿ.

ಪ್ರಶ್ನೆ: ಪಾರ್ಕಿನ ಬೋರ್ಡುಗಳಲ್ಲಿ ಕನ್ನಡವೇ ಇಲ್ಲ. ನನಗೆ ಮಲಯಾಳ ಬರೆಯಲು ಬರುವುದಿಲ್ಲ. ಕನ್ನಡದಲ್ಲಿ ಅರ್ಜಿ ಕೊಟ್ಟರೆ ತೆಗೆದುಕೊಳ್ಳುತ್ತಾರಾ?
– ಓದುಗ, ಮಂಜೇಶ್ವರ

ಉತ್ತರ: ತೆಗೆದುಕೊಳ್ಳಲೇಬೇಕು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಅಲ್ಲಿನ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಅರ್ಜಿಯ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು ಹಾಕಿಸಿ ತನ್ನಿ.